ನಾಲ್ಕನೇ ತರಗತಿಯ ಒಂದು ವರ್ಷ: ಗಿಜುಭಾಯಿ ಬಧೇಕಾ

ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಯ ಕೈಯಲ್ಲಿ ಒಂದು ಅವಧಿಯ ಪಾಠ ಯೋಜನೆ ಇರುತ್ತದೆ. ಉದ್ದೇಶ, ಪೀಠಿಕೆ, ಬೋಧನೋಪಕರಣ, ಕಪ್ಪುಹಲಗೆ ಸಾರಾಂಶ, ಮೌಲ್ಯಮಾಪನ, ಗೃಹಕಾರ್ಯ ಎಲ್ಲವೂ ಸುಮಾರು 40 ನಿಮಿಷಗಳಲ್ಲಿ ಮುಗಿಯಬೇಕು. ಆದರೆ ಮಗು ಓದು, ಬರಹವನ್ನು ಕಲಿಯುವುದು, ತನ್ನ ಊರು ನಾಡುಗಳನ್ನು ಅರಿಯುವುದು ಅವಧಿಯ ಲೆಕ್ಕದಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ. ಪ್ರಾಥಮಿಕ ಶಾಲೆಯ ಒಂದು ತರಗತಿಯ ಇಡೀ ವರ್ಷವನ್ನು, ಮೊದಲ ದಿನದ ಗದ್ದಲದಿಂದ ವಾರ್ಷಿಕ ಪರೀಕ್ಷೆಯವರೆಗೆ, ನಮ್ಮ ಕಣ್ಣೆದುರು ನಿಲ್ಲಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ. ಅವರ 'ದಿವಾಸ್ವಪ್ನ' ಎಂಬ ಚಿಕ್ಕ ಪುಸ್ತಕದ ಹೆಸರನ್ನು ಶಿಕ್ಷಕ ತರಬೇತಿಯಲ್ಲಿ ಬಹಳ ಮಂದಿ ಕೇಳಿರುತ್ತಾರೆ. ಅದನ್ನು ಬರೆದವರ ಬದುಕನ್ನು ಬಲ್ಲವರು ಕಡಿಮೆ. ಆ ಬದುಕನ್ನು ತಿಳಿದರೆ ಪುಸ್ತಕದ ಮೊದಲ ದಿನವೇ ಏಕೆ ಸೋಲಿನ ದಿನವಾಗಿದೆ ಎಂಬುದು ಅರ್ಥವಾಗುತ್ತದೆ.

ವಕೀಲಿಯಿಂದ ಶಾಲೆಗೆ

ಗಿಜುಭಾಯಿ ಹುಟ್ಟಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತಲ್ ಎಂಬಲ್ಲಿ. ಪೂರ್ಣ ಹೆಸರು ಗಿರಿಜಾಶಂಕರ ಭಗವಾನ್‌ಜಿ ಬಧೇಕಾ. ಯೌವನದಲ್ಲಿ ಜೀವನೋಪಾಯಕ್ಕಾಗಿ 1907ರಲ್ಲಿ ಪೂರ್ವ ಆಫ್ರಿಕಾಕ್ಕೆ ಹೋದರು. ಅಲ್ಲಿಂದ ಮರಳಿ ಬಂದು ಮುಂಬಯಿಯಲ್ಲಿ ಕಾನೂನು ಓದಿದರು, ವಢವಾಣದಲ್ಲಿ ವಕೀಲಿ ಆರಂಭಿಸಿದರು. ಶಿಕ್ಷಕರಾಗುವ ಯೋಚನೆ ಆಗ ಅವರಿಗಿರಲಿಲ್ಲ. ಯಾವ ಶಿಕ್ಷಕ ತರಬೇತಿ ಶಾಲೆಯ ಮೆಟ್ಟಿಲನ್ನೂ ಅವರು ಹತ್ತಿರಲಿಲ್ಲ.

1913ರಲ್ಲಿ ಮಗ ನರೇಂದ್ರ ಹುಟ್ಟಿದ. ಈ ಮಗುವನ್ನು ಯಾವ ಶಾಲೆಗೆ ಕಳಿಸುವುದು ಎಂಬ ಪ್ರಶ್ನೆ ತಂದೆಯನ್ನು ಹಿಡಿದುಕೊಂಡಿತು. ಬೆತ್ತ, ಕಂಠಪಾಠ, ಹೆದರಿಕೆ ಇವೇ ಅಂದಿನ ಬಹುತೇಕ ಶಾಲೆಗಳ ನಿತ್ಯದ ನೋಟ. ಬೇರೆ ದಾರಿ ಉಂಟೇ ಎಂದು ಹುಡುಕುತ್ತಿದ್ದಾಗ ಖೇಡಾ ಪ್ರದೇಶದ ವಸೋ ಎಂಬ ಊರಿನಲ್ಲಿ ಶಿಕ್ಷಣದ ಕೆಲಸ ಮಾಡುತ್ತಿದ್ದ ಮೋತಿಭಾಯಿ ಅಮೀನರ ಮೂಲಕ ಮರಿಯಾ ಮಾಂಟೆಸ್ಸೊರಿಯವರ ವಿಚಾರಗಳು ಅವರಿಗೆ ಪರಿಚಯವಾದವು. ಒಬ್ಬ ತಂದೆಯ ಕಾಳಜಿ ನಿಧಾನವಾಗಿ ಒಬ್ಬ ಶಿಕ್ಷಕನ ಅಧ್ಯಯನವಾಗಿ ಬೆಳೆಯಿತು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ದಕ್ಷಿಣಾಮೂರ್ತಿ ಎಂಬ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದ್ದರು. ಕ್ರಮೇಣ ಅದು ಶಿಕ್ಷಣ ಸಂಸ್ಥೆಯಾಗಿ ಬೆಳೆಯಿತು. 1916ರಲ್ಲಿ ಗಿಜುಭಾಯಿ ವಕೀಲಿಯನ್ನು ಬಿಟ್ಟು ಆ ಸಂಸ್ಥೆಯನ್ನು ಸೇರಿದರು. ಸಂಸಾರ ಹೊತ್ತ ಮೂವತ್ತೊಂದರ ಹರೆಯದವರು ನೆಲೆ ಕಾಣುತ್ತಿದ್ದ ವೃತ್ತಿಯನ್ನು ತೊರೆದು ಶಾಲೆಗೆ ಬರುವುದು ಅಂದಿಗೂ ಸುಲಭದ ಮಾತಾಗಿರಲಿಲ್ಲ. ಮೊದಲು ಅವರು ದೊಡ್ಡ ಮಕ್ಕಳಿಗೆ ಕಲಿಸಿದರು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಮಕ್ಕಳ ಕಲಿಕೆಯ ರೀತಿ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ, ಬದಲಾವಣೆ ಬುಡದಿಂದಲೇ ಆಗಬೇಕು ಎಂಬುದು ಅವರಿಗೆ ಮನವರಿಕೆಯಾಯಿತು. 1920ರಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರ ಆರಂಭವಾಯಿತು. ಗುಡ್ಡದ ಮೇಲೆ ಅದಕ್ಕೆಂದು ಕಟ್ಟಿದ ಕಟ್ಟಡವನ್ನು 1922ರಲ್ಲಿ ಕಸ್ತೂರಬಾ ಗಾಂಧಿಯವರು ಉದ್ಘಾಟಿಸಿದರು. ಅಲ್ಲಿ ಗಿಜುಭಾಯಿಯವರಿಗೆ ಸಿಕ್ಕ ಹೆಸರು ಮೂಛಾಲೀ ಮಾ, ಎಂದರೆ ಮೀಸೆಯ ಅಮ್ಮ.

ಮಾಂಟೆಸ್ಸೊರಿ ಮತ್ತು ಕಥೆ

ಗಿಜುಭಾಯಿ ಮಾಂಟೆಸ್ಸೊರಿ ಪದ್ಧತಿಯ ಪ್ರಬಲ ಪ್ರತಿಪಾದಕರು, ಆದರೆ ಅದರ ನಕಲುಗಾರರಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಕಥೆ. ಎಳೆಯ ಮಕ್ಕಳಿಗೆ ಅದ್ಭುತ ಕಥೆಗಳನ್ನು ಹೇಳುವುದರ ಬಗ್ಗೆ ಮಾಂಟೆಸ್ಸೊರಿಯವರಿಗೆ ಒಲವಿರಲಿಲ್ಲ. ಸೌರಾಷ್ಟ್ರದ ಮಕ್ಕಳ ನಡುವೆ ಕುಳಿತ ಗಿಜುಭಾಯಿ ಬೇರೆಯದನ್ನೇ ಕಂಡರು. ಅಜ್ಜಿಯ ಬಾಯಿಂದ ಕಥೆ ಕೇಳಿ ಬೆಳೆಯುವ ಮಗುವಿಗೆ ಕಥೆ ಎಂದರೆ ಭಾಷೆಯ ಮೊದಲ ಬಾಗಿಲು. ಅವರು ಜನಪದ ಕಥೆಗಳನ್ನು ಸಂಗ್ರಹಿಸಿದರು, ಮಕ್ಕಳಿಗೆ ಒಪ್ಪುವಂತೆ ಮತ್ತೆ ಬರೆದರು. ಕಥೆ ಹೇಳುವ ಕಲೆಯ ಕುರಿತೇ 'ವಾರ್ತಾನುಂ ಶಾಸ್ತ್ರ' ಎಂಬ ಗ್ರಂಥ ರಚಿಸಿದರು. ಗುಜರಾತಿಯಲ್ಲಿ ವಾರ್ತಾ ಎಂದರೆ ನಮ್ಮ ಸುದ್ದಿಯಲ್ಲ, ಕಥೆ. ಎಂಥ ಕಥೆಯನ್ನು ಆರಿಸಬೇಕು, ಹೇಗೆ ಹೇಳಬೇಕು ಎಂಬುದನ್ನು ಶಿಕ್ಷಕರಿಗಾಗಿ ಇಷ್ಟು ಗಂಭೀರವಾಗಿ ವಿವರಿಸಿದ ಪುಸ್ತಕಗಳು ಭಾರತೀಯ ಭಾಷೆಗಳಲ್ಲಿ ಆಗ ವಿರಳ.

ಬಾಲಮಂದಿರದ ಅನುಭವವನ್ನು ಸಾಮಾನ್ಯ ಪ್ರಾಥಮಿಕ ಶಾಲೆಗೆ ಒಯ್ದರೆ ಏನಾದೀತು? ಅಲ್ಲಿ ಗುಡ್ಡದ ಮೇಲಿನ ಕಟ್ಟಡವಿಲ್ಲ, ವಿಶೇಷ ಸಾಮಗ್ರಿಯಿಲ್ಲ. ಪಠ್ಯಕ್ರಮವಿದೆ, ಪರೀಕ್ಷೆಯಿದೆ, ಮೇಲಧಿಕಾರಿಯಿದ್ದಾರೆ. ಈ ಪ್ರಶ್ನೆಗೆ ಉತ್ತರವಾಗಿ 1930ರ ದಶಕದ ಆರಂಭದಲ್ಲಿ 'ದಿವಾಸ್ವಪ್ನ' ಬಂತು. ಅದು ವರದಿಯಲ್ಲ, ಕಥನ. ಕಲ್ಪಿತ ಶಿಕ್ಷಕನೊಬ್ಬ ತನ್ನ ವರ್ಷವನ್ನು ತಾನೇ ಹೇಳಿಕೊಳ್ಳುತ್ತಾನೆ. ಆದರೆ ಆ ಕಲ್ಪನೆಯ ಹಿಂದೆ ಮಕ್ಕಳೊಂದಿಗೆ ಕಳೆದ ಹತ್ತಾರು ವರ್ಷಗಳ ನಿಜವಾದ ಅನುಭವವಿದೆ.

ಸೋತ ಮೊದಲ ದಿನ

ಕಥನದ ಶಿಕ್ಷಕ ಬಹಳ ಓದಿಕೊಂಡವನು, ಕಲಿಸಿ ಅನುಭವವಿಲ್ಲದವನು. ಶಿಕ್ಷಣಾಧಿಕಾರಿಯ ಬಳಿ ಹೋಗಿ ಒಂದು ತರಗತಿಯನ್ನು ಪ್ರಯೋಗಕ್ಕಾಗಿ ಕೇಳುತ್ತಾನೆ. ಅಧಿಕಾರಿ ನಕ್ಕರೂ ನಾಲ್ಕನೇ ತರಗತಿಯನ್ನು ಒಂದು ವರ್ಷದ ಮಟ್ಟಿಗೆ ಒಪ್ಪಿಸುತ್ತಾನೆ. ಷರತ್ತು ಸರಳ: ನಿಗದಿತ ಪಠ್ಯಕ್ರಮ ಮುಗಿಯಬೇಕು, ವರ್ಷದ ಕೊನೆಗೆ ಪರೀಕ್ಷೆಯಲ್ಲಿ ಫಲ ಕಾಣಬೇಕು.

ಮೊದಲ ದಿನಕ್ಕೆ ಶಿಕ್ಷಕ ಬರೆದುಕೊಂಡು ಹೋದ ಯೋಜನೆಯ ಆರಂಭದಲ್ಲಿದ್ದುದು ಶಾಂತಿಯ ಆಟ. ಕಿಟಕಿ ಬಾಗಿಲು ಮುಚ್ಚಿ, ಮಕ್ಕಳೆಲ್ಲ ಸದ್ದಿಲ್ಲದೆ ಕುಳಿತು ನಿಶ್ಶಬ್ದವನ್ನು ಅನುಭವಿಸುವುದು. ಇದು ಮಾಂಟೆಸ್ಸೊರಿ ಶಾಲೆಗಳ ಹೆಸರಾಂತ ಚಟುವಟಿಕೆ. ಇಲ್ಲಿ ಅದು ಪೂರ್ತಿ ಕುಸಿಯಿತು. ಕತ್ತಲಾದ ಕೋಣೆಯಲ್ಲಿ ಹುಡುಗರು ಕೂಗಿದರು, ಚಪ್ಪಾಳೆ ತಟ್ಟಿದರು, ಅಣಕಿಸಿದರು. ಶಿಕ್ಷಕ ಸೋಲೊಪ್ಪಿಕೊಂಡು ರಜೆ ಕೊಟ್ಟುಬಿಟ್ಟ. ಮುಖ್ಯೋಪಾಧ್ಯಾಯರು ಸಿಟ್ಟಾದರು, ಸಹೋದ್ಯೋಗಿಗಳು ನಕ್ಕರು.

ಮಾಂಟೆಸ್ಸೊರಿ ವಿಚಾರವನ್ನು ಗುಜರಾತಿನಲ್ಲಿ ಬೇರೂರಿಸಿದವರೇ ತಮ್ಮ ಪುಸ್ತಕದ ಆರಂಭದಲ್ಲಿ ಆ ಪದ್ಧತಿಯ ಒಂದು ಚಟುವಟಿಕೆ ಸೋಲುವುದನ್ನು ತೋರಿಸಿದ್ದು ಸಣ್ಣ ಸಂಗತಿಯಲ್ಲ. ವಿಧಾನದಲ್ಲಿ ದೋಷವಿದೆ ಎಂದು ಹೇಳುವುದು ಅವರ ಉದ್ದೇಶವಲ್ಲ. ಬೇರೆ ವಾತಾವರಣದಲ್ಲಿ ಬೆಳೆದ ಮಕ್ಕಳಿಗೆ, ಶಿಕ್ಷಕನ ಮೇಲೆ ಇನ್ನೂ ನಂಬಿಕೆ ಮೂಡದ ಮೊದಲ ದಿನದಂದು, ಅದು ಹೊಂದುವುದಿಲ್ಲ ಎಂಬುದನ್ನು ಶಿಕ್ಷಕ ಅಂದು ಸಂಜೆ ಕುಳಿತು ತಾನೇ ಕಂಡುಕೊಳ್ಳುತ್ತಾನೆ. ತಪ್ಪನ್ನು ಮಕ್ಕಳ ತಲೆಗೆ ಕಟ್ಟುವುದಿಲ್ಲ. ಯೋಜನೆಯನ್ನು ಬದಲಿಸುತ್ತಾನೆ.

ಎರಡನೇ ದಿನ ಕಥೆ ಶುರುವಾಯಿತು. ರಾಜ, ಅವನ ಏಳು ಮಂದಿ ರಾಣಿಯರು. ತರಗತಿ ಸದ್ದಡಗಿ ಕೇಳಿತು. ಕಥೆ ಕುತೂಹಲದ ಘಟ್ಟದಲ್ಲಿದ್ದಾಗ ನಿಲ್ಲಿಸಿ ಹಾಜರಿ ಕರೆದರೆ ಅದೂ ಗದ್ದಲವಿಲ್ಲದೆ ಮುಗಿಯಿತು. ಹಿಂದಿನ ದಿನ ಆಜ್ಞೆಯಿಂದ ಬರದ ಮೌನ ಇಂದು ಆಸಕ್ತಿಯಿಂದ ತಾನಾಗಿ ಬಂತು.

ಓದು, ಬರಹ, ಸಮಾಜ ಪಾಠ

ಕಥೆ ದಿನಗಟ್ಟಲೆ ನಡೆಯುತ್ತದೆ. ಪಾಠ ಯಾವಾಗ ಎಂಬ ಆಕ್ಷೇಪ ಸುತ್ತಲೂ ಏಳುತ್ತದೆ. ಆದರೆ ಕಥೆಯ ಬೆನ್ನಿಗೇ ಪುಸ್ತಕಗಳು ತರಗತಿಗೆ ಬರುತ್ತವೆ. ಕೇಳಿದ ಕಥೆಯನ್ನು ತಾವೇ ಓದುವ ಆಸೆ ಮಕ್ಕಳಿಗೆ ಹುಟ್ಟುತ್ತದೆ. ಎಲ್ಲರೂ ಒಂದೇ ಪಠ್ಯಪುಸ್ತಕ ಕೊಳ್ಳುವ ಬದಲು ಆ ಹಣದಿಂದ ಬೇರೆ ಬೇರೆ ಪುಸ್ತಕ ತಂದು ತರಗತಿಗೇ ಒಂದು ಗ್ರಂಥಾಲಯ ಮಾಡುವುದು ಈ ಶಿಕ್ಷಕನ ದೊಡ್ಡ ಹೆಜ್ಜೆ. ಓದು ಎಂದರೆ ಒಬ್ಬ ನಿಂತು ಓದುವುದು, ಉಳಿದವರು ಸಾಲಿನ ಮೇಲೆ ಬೆರಳಿಟ್ಟು ಕೂರುವುದು ಎಂಬ ರೂಢಿ ಇಲ್ಲಿ ಮುರಿಯುತ್ತದೆ.

ಬರಹವೂ ಇದೇ ದಾರಿ ಹಿಡಿಯುತ್ತದೆ. ಉಕ್ತಲೇಖನ ಭಯದ ಅವಧಿಯಾಗಿ ಉಳಿಯದೆ ಆಟದ ಹದಕ್ಕೆ ಬರುತ್ತದೆ. ವ್ಯಾಕರಣದಲ್ಲಿ ವ್ಯಾಖ್ಯೆಗಳ ಬಾಯಿಪಾಠಕ್ಕಿಂತ ಮೊದಲು ಪದಗಳ ಆಟ. ನಾಮಪದ, ಕ್ರಿಯಾಪದಗಳನ್ನು ಮಕ್ಕಳು ಮೊದಲು ಆಡಿ ತಿಳಿಯುತ್ತಾರೆ, ಹೆಸರು ಆಮೇಲೆ ಬರುತ್ತದೆ. ಪದ್ಯದ ಕಂಠಪಾಠಕ್ಕೆ ಬದಲು ಹಾಡು ಬರುತ್ತದೆ. ಸಂಭಾಷಣೆಯನ್ನು ಉರು ಹಚ್ಚದೆ ಕಥೆಯನ್ನೇ ನಾಟಕವಾಗಿ ಆಡುವುದು ಮಾತಿನ ಕಲಿಕೆಯಾಗುತ್ತದೆ.

ಇತಿಹಾಸ ಭೂಗೋಳಗಳೂ ಕಥೆಯ ಕೈಹಿಡಿದೇ ಒಳಬರುತ್ತವೆ. ಇಸವಿಗಳ ಪಟ್ಟಿ ಮಗುವಿಗೆ ಹಿಡಿಸುವುದಿಲ್ಲ, ಆದರೆ ಮನುಷ್ಯರ ಬಾಳಿನ ಕಥೆ ಹಿಡಿಸುತ್ತದೆ ಎಂಬುದು ಅಲ್ಲಿನ ತಿಳಿವು. ಮಕ್ಕಳನ್ನು ನಾಲ್ಕು ಗೋಡೆಯಿಂದ ಹೊರಗೆ, ನದಿಯ ದಡಕ್ಕೆ, ಬಯಲಿಗೆ ಕರೆದೊಯ್ಯುವುದೂ ಪಾಠದ ಭಾಗವೇ. ಇಷ್ಟೇ ಮಹತ್ವದ ಸಮಾಜ ಪಾಠ ತರಗತಿಯೊಳಗೆ ನಡೆಯುತ್ತದೆ. ಕೊಳೆಯಾದ ಟೋಪಿ, ಬೆಳೆದ ಉಗುರು, ಗುಂಡಿಯಿಲ್ಲದ ಅಂಗಿ ಇವುಗಳ ಬಗ್ಗೆ ಉಪದೇಶವಿಲ್ಲ, ದಿನವೂ ಕೆಲಸವಿದೆ. ಪೋಷಕರನ್ನು ಸಭೆಗೆ ಕರೆದರೆ ಬಂದವರು ಕೆಲವೇ ಮಂದಿ. ಆಟದಲ್ಲಿ ಸೋಲು ಗೆಲುವಿನ ಜಗಳವೆದ್ದಾಗ ಅದನ್ನೂ ಶಿಕ್ಷಕ ಪಾಠವಾಗಿಯೇ ಎದುರಿಸಬೇಕಾಗುತ್ತದೆ. ಸಮಾಜದಲ್ಲಿ ಕೂಡಿ ಬಾಳುವುದನ್ನು ಈ ಮಕ್ಕಳು ಪುಸ್ತಕದ ಕೊನೆಯ ಪಾಠವಾಗಿ ಅಲ್ಲ, ವರ್ಷವಿಡೀ ನಡೆದುಕೊಂಡು ಕಲಿತರು.

ಪರೀಕ್ಷೆ ಎಂಬ ಷರತ್ತನ್ನು ಗಿಜುಭಾಯಿ ಮರೆಯುವುದಿಲ್ಲ. ಅರ್ಧ ವರ್ಷಕ್ಕೊಮ್ಮೆ, ವರ್ಷದ ಕೊನೆಗೊಮ್ಮೆ ತರಗತಿ ಅಧಿಕಾರಿಗಳ ಮುಂದೆ ನಿಲ್ಲುತ್ತದೆ. ಆಯ್ದ ನಾಲ್ವರು ಜಾಣರಲ್ಲ, ಇಡೀ ತರಗತಿ. ನಕ್ಕಿದ್ದ ಅಧಿಕಾರಿಯೇ ಬದಲಾವಣೆಯನ್ನು ಒಪ್ಪುತ್ತಾನೆ. ಒಬ್ಬನನ್ನು ಮೇಲೆತ್ತಿ ಉಳಿದವರನ್ನು ಕುಗ್ಗಿಸುವ ಸ್ಥಾನ, ಬಹುಮಾನಗಳಿಗೆ ಈ ಪುಸ್ತಕದ ವಿರೋಧ ಸ್ಪಷ್ಟವಾಗಿದೆ.

ಕನಸು ಎಂಬ ಆಕ್ಷೇಪ

ಇದು ಬರಿಯ ಹಗಲುಗನಸಲ್ಲವೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಕಥನದ ಶಿಕ್ಷಕನಿಗೆ ಅಧಿಕಾರಿಯ ಅನುಮತಿಯಿತ್ತು. ನಮ್ಮ ಬಹುತೇಕ ಶಿಕ್ಷಕರಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಆದರೆ ಗಿಜುಭಾಯಿ ಪಠ್ಯಕ್ರಮವನ್ನಾಗಲೀ ಪರೀಕ್ಷೆಯನ್ನಾಗಲೀ ತರಗತಿಯಿಂದ ಹೊರಗಿಡಲಿಲ್ಲ. ಅವುಗಳ ನಡುವೆಯೇ ಏನು ಸಾಧ್ಯ ಎಂದು ನೋಡಿದರು. ಬದಲಾಗಿದ್ದು ಕ್ರಮ: ಮೊದಲು ನಂಬಿಕೆ, ಆಮೇಲೆ ಆಸಕ್ತಿ, ಅದರ ಬೆನ್ನಿಗೆ ವಿಷಯ. ಈ ಕ್ರಮಕ್ಕೆ ಸಮಯ ಬೇಕು. ಮೊದಲ ವಾರಗಳಲ್ಲಿ ಕಳೆದುಹೋದಂತೆ ಕಂಡ ಸಮಯ ವರ್ಷದ ಕೊನೆಗೆ ಲೆಕ್ಕಕ್ಕೆ ಬಂತು.

ಕೊನೆಯ ವರ್ಷಗಳು

ಒಬ್ಬ ಒಳ್ಳೆಯ ಶಿಕ್ಷಕನಿಂದ ಶಾಲೆಗಳು ಬದಲಾಗವು ಎಂಬುದನ್ನು ಗಿಜುಭಾಯಿ ಅರಿತಿದ್ದರು. 1925ರಲ್ಲಿ ದಕ್ಷಿಣಾಮೂರ್ತಿಯಲ್ಲಿ ಶಿಕ್ಷಕರಿಗಾಗಿ ಅಧ್ಯಾಪನ ಮಂದಿರ ಆರಂಭವಾಯಿತು. ತರಬೇತಿ ಪಡೆಯದೆ ಶಿಕ್ಷಕರಾದವರು ಈಗ ಶಿಕ್ಷಕರನ್ನು ತರಬೇತುಗೊಳಿಸತೊಡಗಿದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದಲ್ಲಿ ಬಾಲಶಿಕ್ಷಣದ ಕೆಲಸವನ್ನು ಬಡ ಮಕ್ಕಳ, ಆದಿವಾಸಿ ಮಕ್ಕಳ ಅಂಗಳದವರೆಗೆ ಒಯ್ದರು. ನೂತನ ಬಾಲ ಶಿಕ್ಷಣ ಸಂಘ, 'ಶಿಕ್ಷಣ ಪತ್ರಿಕಾ' ಇವು ಆ ಕಾಲದ ಫಲಗಳು. ಮಕ್ಕಳಿಗಾಗಿ, ಪೋಷಕರಿಗಾಗಿ, ಶಿಕ್ಷಕರಿಗಾಗಿ ಗಿಜುಭಾಯಿ ಹತ್ತಾರು ಪುಸ್ತಕಗಳನ್ನು ಬರೆದರು.

ಇಪ್ಪತ್ತು ವರ್ಷಗಳ ಬಳಿಕ, 1936ರಲ್ಲಿ, ಅವರು ದಕ್ಷಿಣಾಮೂರ್ತಿಯಿಂದ ಹೊರಬಂದರು. ರಾಜಕೋಟದಲ್ಲಿ ಮತ್ತೆ ಶಿಕ್ಷಕರ ತರಬೇತಿಯನ್ನೇ ಕೈಗೆತ್ತಿಕೊಂಡರು. 1939ರ ಜೂನ್ 23ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗಿನ್ನೂ 53 ವರ್ಷ. ಅದೇ ವರ್ಷದ ಕೊನೆಯ ಭಾಗದಲ್ಲಿ ಮರಿಯಾ ಮಾಂಟೆಸ್ಸೊರಿ ಮೊದಲ ಬಾರಿಗೆ ಭಾರತಕ್ಕೆ ಬಂದು ಮದರಾಸಿನಲ್ಲಿ ತರಬೇತಿ ಆರಂಭಿಸಿದರು. ಅವರ ವಿಚಾರಕ್ಕೆ ಈ ನೆಲದಲ್ಲಿ ಎರಡು ದಶಕಗಳ ಕಾಲ ನೀರೆರೆದವರು ಅದನ್ನು ನೋಡಲು ಇರಲಿಲ್ಲ.

ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಯ ದಾಖಲೆ ಪುಸ್ತಕದಲ್ಲಿ ಸಾಮಾನ್ಯವಾಗಿ ಯಶಸ್ವಿಯಾದ ಪಾಠಗಳನ್ನೇ ಅಂದವಾಗಿ ಬರೆಯುತ್ತಾರೆ. ಸೋತ ಪಾಠಕ್ಕೂ ಅಲ್ಲಿ ಒಂದು ಪುಟ ಇರಲಿ: ಮಕ್ಕಳು ಏನು ಮಾಡಿದರು, ನನ್ನ ಯೋಜನೆ ಎಲ್ಲಿ ಅವರಿಗೆ ಹೊಂದಲಿಲ್ಲ, ನಾಳೆ ಏನು ಬದಲಿಸುತ್ತೇನೆ. ಮಾರ್ಗದರ್ಶಕ ಅಧ್ಯಾಪಕರು ಆ ಪುಟಕ್ಕೆ ಅಂಕ ಕಳೆಯದೆ, ಅದನ್ನೇ ಮೊದಲು ಓದಿ ಚರ್ಚಿಸಲಿ. ಗಿಜುಭಾಯಿಯವರ ಶಿಕ್ಷಕ ಮೊದಲ ದಿನದ ಸಂಜೆ ಮಾಡಿದ್ದು ಅಷ್ಟೇ ಕೆಲಸ. ಉಳಿದ ವರ್ಷ ಅದರಿಂದ ಬೆಳೆಯಿತು.