ಆನೆಯ ತೂಕಕ್ಕೆ ಮದ್ದು ಅಳೆದವರು: ಜಾರ್ಜ್ ಸ್ಯಾಂಡರ್ಸನ್

ಕಾಸಿಮೇಡಿನ ಮೀನುಗಾರಿಕಾ ಬಂದರಿನಲ್ಲಿ ಅಡ್ಡಾಡಿದವರು ಬಲೆಯ ಅಂಚಿಗೆ ಪೋಣಿಸಿದ ಸೀಸದ ಗುಂಡುಗಳನ್ನು ನೋಡಿಯೇ ಇರುತ್ತಾರೆ. ಗುಂಡು ಹಗುರವಾದರೆ ಬಲೆ ತೇಲುತ್ತದೆ, ಭಾರವಾದರೆ ಎಳೆಯುವವರ ತೋಳು ಸೋಲುತ್ತದೆ. ಒಮ್ಮೆ ಬಲೆ ದುರಸ್ತಿಯಾಗುತ್ತಿದ್ದಲ್ಲಿ ನಿಂತು ಒಂದು ಹಿಡಿ ಸೀಸವನ್ನು ಅಂಗೈಯಲ್ಲಿ ತೂಗಿ ನೋಡಿದಾಗ ನಮಗೆ ನೆನಪಾದವರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಮೈಸೂರು ಸೀಮೆಯಲ್ಲಿ ಖೆಡ್ಡಾ ಎಂಬ ಪದವನ್ನು ಮನೆಮಾತಾಗಿಸಿದ ಈ ಮಹನೀಯರು 1892ರ ಮೇ 5ರಂದು ಕೊನೆಯುಸಿರೆಳೆದದ್ದು ನಮ್ಮ ಈ ಮದರಾಸಿನಲ್ಲಿಯೇ. ಅವರ ಕೋವಿಯ ಒಂದೊಂದು ಗುಂಡೂ ಕಾಲು ಪೌಂಡು ತೂಗುತ್ತಿತ್ತು.

ಸ್ಯಾಂಡರ್ಸನ್ ಎಂಬ ಹೆಸರು ಕನ್ನಡಿಗರಿಗೆ ಕಾಡಿಗಿಂತ ಮೊದಲು ನಿಘಂಟಿನ ಮೂಲಕ ಪರಿಚಿತವಾಯಿತೆಂಬುದನ್ನು ಇಲ್ಲಿ ಹೇಳಲೇಬೇಕು. ಜಾರ್ಜ್ ಅವರ ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು. ಲಕ್ಷ್ಮೀಶನ ಜೈಮಿನಿ ಭಾರತದ ಭಾಗಗಳನ್ನು ಇಂಗ್ಲಿಷಿಗೆ ತಂದು 1852ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದವರು. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದವರೂ ಅವರೇ. ಕಿಟ್ಟೆಲರ ನಿಘಂಟು ಬರುವುದಕ್ಕೆ ಇನ್ನೂ ಮೂವತ್ತಾರು ವರ್ಷಗಳಿದ್ದವು. ತಂದೆ ಪದಗಳನ್ನು ತೂಗಿದರು, ಮಗ ಮದ್ದನ್ನು ತೂಗಿದರು.

1848ರಲ್ಲಿ ಹುಟ್ಟಿದ ಜಾರ್ಜ್ ಇಂಗ್ಲೆಂಡಿನಲ್ಲಿ ಓದಿ 1864ರಲ್ಲಿ, ಹದಿನಾರರ ಹರೆಯದಲ್ಲಿ, ಇಂಡಿಯಾಕ್ಕೆ ಬಂದರು. ಬೆಂಗಳೂರಿಗೆ ರೈಲು ಬಂದದ್ದೂ ಅದೇ ವರ್ಷ. ಆಗ ಮದರಾಸಿನಿಂದ ಪಶ್ಚಿಮಕ್ಕೆ ಹೊರಡುವ ಗಾಡಿಗಳೆಲ್ಲ ಕಾಸಿಮೇಡಿಗೆ ಸಮೀಪದ ರಾಯಪುರಂ ನಿಲ್ದಾಣದಿಂದಲೇ ಹೊರಡುತ್ತಿದ್ದವು. ಕಾಫಿ ತೋಟದಲ್ಲಿ ಬದುಕು ಕಟ್ಟಿಕೊಳ್ಳುವ ಯೋಚನೆ ಕೈಗೂಡಲಿಲ್ಲ. ಆದರೆ ಕಲಿತ ಕನ್ನಡ ಕೈಬಿಡಲಿಲ್ಲ. ಅದರ ಬಲದಿಂದ ಮೈಸೂರು ಸರ್ಕಾರದ ನೀರಾವರಿ ಕಾಲುವೆಗಳ ಇಲಾಖೆಗೆ ಸೇರಿದರು. ಕಾಲುವೆಯ ಉಸ್ತುವಾರಿಯೆಂದರೆ ಕಾಡಂಚಿನ ಹಳ್ಳಿಗಳ ತಿರುಗಾಟ. ಚಾಮರಾಜನಗರದ ಬಳಿ ಮೊರ್ಲೆ ಎಂಬಲ್ಲಿ ಬಂಗಲೆ ಕಟ್ಟಿಕೊಂಡರು. ಎದುರಿಗೆ ಬಿಳಿಗಿರಿರಂಗನ ಬೆಟ್ಟ, ಜೊತೆಗೆ ಕಾಡು ಬಲ್ಲ ಸೋಲಿಗರು ಮತ್ತು ಕುರುಬರು. ಬೇಟೆಯ ಹವ್ಯಾಸ ಅಲ್ಲಿ ಬೇರೂರಿದ್ದು ಸಹಜವೇ.

ಇಂದಿನವರಿಗೆ ಬೇಟೆಯ ಕೋವಿಯೆಂದರೆ ಕಾರ್ಖಾನೆಯ ತೋಟಾ ತುಂಬಿ ಕುದುರೆ ಒತ್ತುವುದಷ್ಟೇ. ಆ ಕಾಲದಲ್ಲಿ ಹಾಗಿರಲಿಲ್ಲ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಈಡು ತುಂಬುವುದನ್ನು ಬಾಲ್ಯದಲ್ಲಿ ಕಂಡ ನಮ್ಮ ಹಿರಿಯ ಓದುಗರಿಗೆ ಇದು ಬೇಗ ಅರ್ಥವಾದೀತು. ಹಿತ್ತಾಳೆಯ ತೋಟಾ ಬಂದ ಮೇಲೂ ಕಾಡಿನಲ್ಲಿ ವಾಸಿಸುವ ಬೇಟೆಗಾರನು ಒಮ್ಮೆ ಹಾರಿಸಿದ ತೋಟಾವನ್ನು ಎಸೆಯುತ್ತಿರಲಿಲ್ಲ. ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಬೇಕು. ಕರಿಮದ್ದನ್ನು ಅಳತೆ ಮಾಡಿ ಸುರಿದು, ಅದರ ಮೇಲೆ ರಟ್ಟಿನ ಬಿಲ್ಲೆಯನ್ನೂ ಕೊಬ್ಬು ಸವರಿದ ಉಣ್ಣೆಯ ಬಿಲ್ಲೆಯನ್ನೂ ಒತ್ತಬೇಕು. ಕೊನೆಗೆ ತಾನೇ ಅಚ್ಚಿಗೆ ಹೊಯ್ದ ಗುಂಡನ್ನು ಕೂರಿಸಬೇಕು. ದೀಪದ ಬೆಳಕಿನಲ್ಲಿ ಮಾಡುವ ಈ ಕೆಲಸದಲ್ಲಿ ಒಂದು ತೋಟಾಕ್ಕೆ ಮದ್ದು ಕಡಿಮೆಯಾದರೆ ಅದರ ಲೆಕ್ಕ ಮರುದಿನ ಆನೆಯ ಮುಂದೆ ಚುಕ್ತಾ ಆಗುತ್ತಿತ್ತು.

ಸ್ಯಾಂಡರ್ಸನ್ ಅವರು ಆನೆಗೆಂದು ಮೊದಲು ಬಳಸಿದ್ದು ಒಂಟಿ ನಳಿಗೆಯ ನಾಲ್ಕು ಬೋರ್ ಕೋವಿ. ಒಂದು ಪೌಂಡು ಸೀಸದಿಂದ ಎಷ್ಟು ಗುಂಡುಗಳಾಗುವುವೋ ಅದೇ ಬೋರಿನ ಸಂಖ್ಯೆ. ನಾಲ್ಕು ಬೋರ್ ಎಂದರೆ ಗುಂಡೊಂದಕ್ಕೆ ಸುಮಾರು 113 ಗ್ರಾಂ, ಅಡ್ಡಳತೆ ಹೆಚ್ಚುಕಡಿಮೆ ಒಂದು ಅಂಗುಲ. ಆನೆಯ ಎದುರಿನಲ್ಲಿ ಒಂಟಿ ನಳಿಗೆ ಸಾಲದೆಂದು ಮನಗಂಡ ಮೇಲೆ ಗ್ರೀನರ್ ಅವರ ಕಾರ್ಖಾನೆಯಲ್ಲಿ ತಯಾರಾದ ಜೋಡುನಳಿಗೆಯ ಕೋವಿಯನ್ನು ಹಿಡಿದರು. ಅದರ ತೂಕ ಹತ್ತಿರ ಹತ್ತಿರ ಒಂಬತ್ತು ಕಿಲೋಗ್ರಾಂ. ಅದಕ್ಕೆ ಸಾಮಾನ್ಯವಾಗಿ ತುಂಬುತ್ತಿದ್ದ ಮದ್ದು ಹತ್ತು ಡ್ರಾಮ್, ಅಂದರೆ ಸುಮಾರು 17.7 ಗ್ರಾಂ. ಹಕ್ಕಿ ಹೊಡೆಯುವ ಹನ್ನೆರಡು ಬೋರಿನ ಕೋವಿಗೆ ಆಗ ಮೂರು ಡ್ರಾಮ್ ಹಾಕುವ ವಾಡಿಕೆಯಿತ್ತು. ಮೂರು ಪಟ್ಟಿಗೂ ಮೀರಿದ ಮದ್ದಿನ ಒದೆತವನ್ನು ಹೆಗಲು ತಾಳಿಕೊಂಡದ್ದು ಕೋವಿಯ ಆ ಭಾರದಿಂದಲೇ.

ನಳಿಗೆಯ ಒಳಗೆ ತಿರುಗುಗೀರುಗಳಿರಲಿಲ್ಲ. ಹದಿನೈದು ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ಅವುಗಳ ಅಗತ್ಯವೂ ಇರಲಿಲ್ಲ. ಗೀರುಳ್ಳ ರೈಫಲ್ಲಿನ ವಿಚಾರ ಬೇರೆ. ಮಧ್ಯ ಪ್ರಾಂತ್ಯದ ಅರಣ್ಯಗಳಲ್ಲಿದ್ದ ಜೇಮ್ಸ್ ಫೋರ್ಸೈತ್ ಎಂಬ ಅಧಿಕಾರಿ 1863ರಲ್ಲಿಯೇ ಬೇಟೆಯ ರೈಫಲ್ಲು ಮತ್ತು ಅದರ ಗುಂಡುಗಳ ಬಗ್ಗೆ ಪುಸ್ತಕ ಬರೆದು, ದುಂಡನೆಯ ಗುಂಡಿಗೆ ಮದ್ದು ಹೆಚ್ಚಿಸಬೇಕಾದರೆ ಗೀರಿನ ತಿರುವನ್ನು ಮಂದಗೊಳಿಸಬೇಕೆಂದು ವಾದಿಸಿದ್ದರು. ತಿರುವು ಬಿಗಿಯಾಗಿದ್ದು ಮದ್ದು ಹೆಚ್ಚಾದರೆ ಮೆದು ಸೀಸವು ಗೀರನ್ನು ಹಿಡಿಯದೆ ಕಿತ್ತುಕೊಂಡು ಹೋಗುತ್ತದೆ. ಜೋಡುನಳಿಗೆಯಲ್ಲಿ ಇನ್ನೊಂದು ತೊಡಕು. ಎಡಬಲ ನಳಿಗೆಗಳ ಗುಂಡು ಒಂದೇ ಕಡೆ ಬೀಳುವಂತೆ ತಯಾರಕರು ಹೊಂದಿಸುವುದು ಯಾವುದೋ ಒಂದು ಅಳತೆಯ ಮದ್ದಿಗೆ ಮಾತ್ರ. ಅಳತೆ ಬದಲಾಯಿಸಿದರೆ ಗುಂಡುಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಆದ್ದರಿಂದ ಬಿಳಿ ಕಾಗದ ಕಟ್ಟಿ ಎರಡೂ ನಳಿಗೆಗಳಿಂದ ಹೊಡೆದು ನೋಡುವುದು, ಹಲಗೆಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಎಷ್ಟನ್ನು ತೂರಿತೆಂದು ಎಣಿಸುವುದು ಅಂದಿನ ಬೇಟೆಗಾರರ ಪರೀಕ್ಷೆಗಳು.

ಸೀಸದ ಹದವೂ ಮುಖ್ಯ. ಜಿಂಕೆಗೂ ಹುಲಿಗೂ ಮೆದು ಸೀಸವೇ ಲೇಸು, ಅದು ಅರಳಿ ನಿಲ್ಲುತ್ತದೆ. ಆನೆಗೆ ಅದೇ ಗುಂಡು ಬಿದ್ದರೆ ತಲೆಯ ಮೂಳೆಯಲ್ಲಿ ಚಪ್ಪಟೆಯಾಗಿ ಉಳಿದುಬಿಡುತ್ತದೆ. ಆನೆಯ ತಲೆ ಎಷ್ಟು ದೊಡ್ಡದೋ ಮಿದುಳು ಅಷ್ಟೇ ಚಿಕ್ಕದು, ಜೇನುಗೂಡಿನಂತಹ ಮೂಳೆಯ ಹಿಂದೆ ಹುದುಗಿರುತ್ತದೆ. ಅಲ್ಲಿಗೆ ಮುಟ್ಟಬೇಕಾದರೆ ಸೀಸಕ್ಕೆ ತವರ ಬೆರೆಸಿ ಗಟ್ಟಿಗೊಳಿಸಬೇಕು. ಮಳೆಗಾಲದಲ್ಲಿ ಮದ್ದು ತೇವ ಹೀರಿ ಸಪ್ಪೆಯಾಗುವುದು ಮತ್ತೊಂದು ಕಾಟ. ಹಾರಿಸಿದ ಮೇಲೆ ಎದುರಿಗೆ ಬಿಳಿಯ ಹೊಗೆಯ ಗೋಡೆ. ಅದರ ಆಚೆ ಪ್ರಾಣಿ ಬಿದ್ದಿದೆಯೋ ನುಗ್ಗಿ ಬರುತ್ತಿದೆಯೋ ಒಂದು ಕ್ಷಣ ತಿಳಿಯುತ್ತಿರಲಿಲ್ಲ.

ಇಷ್ಟೊಂದು ಸೂಕ್ಷ್ಮವೆಲ್ಲ ಕೊಲ್ಲುವುದಕ್ಕಾಗಿಯೇ ಎಂದು ಕೆಲವರು ಕೇಳಬಹುದು. ಹೌದು, ಕೊಲ್ಲುವುದಕ್ಕಾಗಿಯೇ. ಆದರೆ ಅಳತೆ ತಪ್ಪಿದ ತೋಟಾ ಆನೆಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸಿ ಬಿಡುತ್ತದೆ. ಗಾಯದ ಆನೆ ತಿಂಗಳುಗಟ್ಟಲೆ ನರಳುತ್ತದೆ, ದಾರಿಹೋಕರ ಮೇಲೆ ಬೀಳುತ್ತದೆ. ಕಾಕನಕೋಟೆಯ ಕಾಡಿನಲ್ಲಿ ಜನರ ಜೀವ ತೆಗೆಯುತ್ತಿದ್ದ ಪುಂಡಾನೆಯೊಂದನ್ನು ಹೊಡೆದ ಸ್ಯಾಂಡರ್ಸನ್ ಅವರಿಗೆ ಇದು ಚೆನ್ನಾಗಿ ತಿಳಿದಿತ್ತು. ಸಣ್ಣ ಕೋವಿಯಲ್ಲಿ ಆನೆ ಹೊಡೆಯಹೋಗುವವರ ಬಗ್ಗೆ ಅವರಿಗೆ ಸದಭಿಪ್ರಾಯವಿರಲಿಲ್ಲ. ಈ ವಿಷಯದಲ್ಲಿ ನಾವು ಅವರ ಪಕ್ಷವೇ.

ಬೆಳೆ ತುಳಿಯುವ ಆನೆಗಳಿಗೆ ಗುಂಡೊಂದೇ ಉತ್ತರವೆಂದು ಅವರು ನಂಬಲಿಲ್ಲ. 1873ರಲ್ಲಿ ಮದರಾಸು ಸರ್ಕಾರ ಕಾಡಾನೆಗಳ ರಕ್ಷಣೆಗೆ ಕಾಯ್ದೆ ತಂದಿತು. ಅದೇ ವರ್ಷ ಸ್ಯಾಂಡರ್ಸನ್ ಅವರು ಮೈಸೂರು ಸರ್ಕಾರದ ಮುಂದೆ ಆನೆಗಳನ್ನು ಹಿಂಡುಹಿಂಡಾಗಿ ಜೀವಂತ ಹಿಡಿಯುವ ಯೋಜನೆಯನ್ನಿಟ್ಟರು. ಅದುವರೆಗೆ ದಕ್ಷಿಣದಲ್ಲಿ ರೂಢಿಯಲ್ಲಿದ್ದುದು ಗುಂಡಿ ತೋಡುವ ಕ್ರಮ. ಬಿದ್ದ ಆನೆಗಳಲ್ಲಿ ಕೈಕಾಲು ಮುರಿದು ಸಾಯುವವೇ ಬಹಳ. ಕಾಕನಕೋಟೆಯಲ್ಲಿ ಹೈದರಾಲಿ ಹಿಂದೊಮ್ಮೆ ಹಿಂಡನ್ನು ಅಟ್ಟಿ ಹಿಡಿಯಲು ಹೋಗಿ ಸೋತಿದ್ದನು. ಮುಂದೆ ಯಾರೂ ಗೆಲ್ಲಲಾರರೆಂದೂ, ಯತ್ನಿಸಿದವರಿಗೆ ಶಾಪವೆಂದೂ ಕಲ್ಲಿನಲ್ಲಿ ಕೆತ್ತಿಸಿದ್ದನೆಂದು ಸ್ಯಾಂಡರ್ಸನ್ ಅವರೇ ದಾಖಲಿಸಿದ್ದಾರೆ. ಅನುಭವವಿಲ್ಲದ ಕಾಲುವೆ ಅಧಿಕಾರಿಯ ಮಾತು ಕೇಳಿ ನಕ್ಕವರು ಅನೇಕರಿದ್ದಿರಬೇಕು. 1874ರ ಜೂನ್ ತಿಂಗಳಲ್ಲಿ, ಹೊನ್ನುಹೊಳೆಯೆಂದು ಜನ ಕರೆಯುವ ಸುವರ್ಣಾವತಿಯ ಸೀಮೆಯಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳು ಅವರ ಆವರಣದೊಳಗೆ ಬಂದವು. ಕಾಡಿನ ಜನರ ಕಾವಲು, ಹಗಲು ರಾತ್ರಿ ಉರಿದ ಬೆಂಕಿ, ಪಳಗಿದ ಆನೆಗಳು ಮತ್ತು ಮಾವುತರ ಧೈರ್ಯ ಈ ಕಾರ್ಯವನ್ನು ಸಾಧಿಸಿದವು. ಒಂಬತ್ತು ಕಿಲೋಗ್ರಾಂನ ಕೋವಿಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ.

ಮರುವರ್ಷ ಬಂಗಾಳ ಸರ್ಕಾರ ಅವರನ್ನು ಢಾಕಾದ ಆನೆ ಇಲಾಖೆಗೆ ಕರೆಸಿಕೊಂಡಿತು. ಚಿತ್ತಗಾಂಗ್ ಮತ್ತು ಗಾರೋ ಬೆಟ್ಟಗಳಲ್ಲಿಯೂ ಖೆಡ್ಡಾ ನಡೆಸಿದರು. ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳ ಅವರ ಗ್ರಂಥ 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕೋವಿ ಮತ್ತು ಮದ್ದಿನ ಲೆಕ್ಕಗಳು ಅದರಲ್ಲಿವೆ. ಆದರೆ ಪುಟಗಳಲ್ಲಿ ಬಹುಪಾಲು ಆನೆಯ ಸ್ವಭಾವ, ಆಹಾರ, ಹಿಂಡಿನ ನಡವಳಿಕೆಗಳಿಗೇ ಮೀಸಲು. ರಡ್ಯಾರ್ಡ್ ಕಿಪ್ಲಿಂಗರ ಆನೆಯ ಕಥೆಯ ಪೀಟರ್ಸನ್ ಸಾಹೇಬನಿಗೆ ಇವರೇ ಮಾದರಿಯೆನ್ನುವರು. ಅದೇ ಕಥೆಯನ್ನಾಧರಿಸಿ 1937ರಲ್ಲಿ ತೆರೆಕಂಡ ಚಲನಚಿತ್ರದಲ್ಲಿ ನಮ್ಮ ಮೈಸೂರಿನ ಹುಡುಗ ಸಾಬು ಜಗತ್ಪ್ರಸಿದ್ಧನಾದನು.

1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ಏರ್ಪಟ್ಟಿತ್ತು. ಅದಾದ ಮೂರನೆಯ ವರ್ಷವೇ ಸ್ಯಾಂಡರ್ಸನ್ ಮದರಾಸಿನಲ್ಲಿ ತೀರಿಕೊಂಡರು. ನಲವತ್ತು ದಾಟಿ ಕೆಲವೇ ವರ್ಷಗಳಾಗಿದ್ದವು.

ಇಂದು ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ. ವನ್ಯಜೀವಿಗಳ ಬೇಟೆಗೆ 1972ರ ಕಾಯ್ದೆ ತಡೆಯೊಡ್ಡಿದೆ. ಅದಕ್ಕೂ ಒಂದು ವರ್ಷ ಮೊದಲು, 1971ರಲ್ಲಿ, ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆ ಖೆಡ್ಡಾ ನೆಲದ ಮೇಲೆ ಈಗ ಕಬಿನಿ ಜಲಾಶಯದ ನೀರು ನಿಂತಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತವೆ.