ಅನುಪಮಾ ನಿರಂಜನ

ಡಾ. ಅನುಪಮಾ ನಿರಂಜನ (ಮೇ ೧೭, ೧೯೩೪ – ಫೆಬ್ರವರಿ ೧೫, ೧೯೯೧) ಕನ್ನಡದ ಪ್ರಸಿದ್ಧ ಕಾದಂಬರಿಕಾರ್ತಿ, ಕಥೆಗಾರ್ತಿ ಹಾಗೂ ವೈದ್ಯೆ. ಮಹಿಳೆಯರ ಆರೋಗ್ಯವನ್ನು ಕುರಿತು ಕನ್ನಡದಲ್ಲಿ ಸರಳವಾಗಿ, ಶಾಸ್ತ್ರೀಯವಾಗಿ ಮತ್ತು ಸಂಕೋಚವಿಲ್ಲದೆ ಬರೆದವರಲ್ಲಿ ಅವರು ಪ್ರಮುಖರು. ಹೆಣ್ಣಿನ ಬದುಕಿನ ಒಂದೊಂದು ಹಂತಕ್ಕೂ ಬೇಕಾದ ವೈದ್ಯಕೀಯ ತಿಳಿವಳಿಕೆಯನ್ನು ಪುಸ್ತಕರೂಪದಲ್ಲಿ ಮನೆಮನೆಗೆ ತಲುಪಿಸಿದ್ದು ಅವರ ವಿಶಿಷ್ಟ ಸಾಧನೆ. ರೋಗ ಬಂದ ಮೇಲಿನ ಚಿಕಿತ್ಸೆಗಿಂತ ರೋಗ ಬಾರದಂತೆ ಬಾಳುವ ಕ್ರಮ ಮುಖ್ಯವೆಂಬ ಆರೋಗ್ಯಶಿಕ್ಷಣದ ಮೂಲತತ್ತ್ವವನ್ನು ಕನ್ನಡದ ಓದುಗಿತಿಯರಿಗೆ ಪರಿಚಯಿಸಿದ ಮೊದಲ ತಲೆಮಾರಿನ ವೈದ್ಯರಲ್ಲಿ ಅವರೂ ಒಬ್ಬರು.

ಜನನ ಮತ್ತು ವಿದ್ಯಾಭ್ಯಾಸ

ಅನುಪಮಾ ಅವರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ೧೯೩೪ರ ಮೇ ೧೭ರಂದು ಜನಿಸಿದರು. ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಇದೇ ತೀರ್ಥಹಳ್ಳಿ ಇನ್ನೊಬ್ಬ ಪ್ರಸಿದ್ಧ ಕಾದಂಬರಿಕಾರ್ತಿ ಎಂ. ಕೆ. ಇಂದಿರಾ ಅವರ ಹುಟ್ಟೂರೂ ಆಗಿದೆ.

ಹೆಣ್ಣುಮಕ್ಕಳು ಉನ್ನತ ಶಿಕ್ಷಣ ಪಡೆಯುವುದೇ ವಿರಳವಾಗಿದ್ದ ಕಾಲದಲ್ಲಿ ಅವರು ಮೈಸೂರು ವೈದ್ಯಕೀಯ ಕಾಲೇಜನ್ನು ಸೇರಿ ಎಂ.ಬಿ.ಬಿ.ಎಸ್. ಪದವಿ ಪಡೆದರು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತ್ತು. ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯು ಮೈಸೂರು ನಗರಕ್ಕಷ್ಟೇ ಅಲ್ಲದೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಮೊದಲಾದ ಕಡೆಗಳ ಹಳ್ಳಿಗರಿಗೂ ದೊಡ್ಡಾಸ್ಪತ್ರೆಯಾಗಿತ್ತು.

ವೈದ್ಯವೃತ್ತಿ

ವೈದ್ಯಕೀಯ ಪದವಿಯ ನಂತರ ಅನುಪಮಾ ಅವರು ಧಾರವಾಡದಲ್ಲಿಯೂ ಮುಂದೆ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದರು. ವೃತ್ತಿ ಮತ್ತು ಬರವಣಿಗೆ ಅವರಲ್ಲಿ ಬೇರೆ ಬೇರೆಯಾಗಿ ಉಳಿಯಲಿಲ್ಲ. ವೈದ್ಯೆಯಾಗಿ ಕಂಡ ಹೆಣ್ಣಿನ ಬದುಕು ಅವರ ಕಾದಂಬರಿ ಮತ್ತು ಕಥೆಗಳಿಗೆ ವಸ್ತುವಾಯಿತು. ರೋಗಿಗಳಿಗೆ ಬಾಯಿಮಾತಿನಲ್ಲಿ ಹೇಳಬೇಕಾದ ತಿಳಿವಳಿಕೆ ವೈದ್ಯಕೀಯ ಗ್ರಂಥಗಳ ರೂಪ ತಾಳಿತು.

ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು, ಮೈಗೆ ಸ್ವಸ್ಥವಿಲ್ಲದಿದ್ದರೂ ಹೇಳಿಕೊಳ್ಳದಿರುವುದು, ನೋವನ್ನು ಹೆಣ್ಣಿನ ಹಣೆಬರಹವೆಂದು ಸಹಿಸುವುದು ಆ ಕಾಲದ ಕುಟುಂಬಗಳಲ್ಲಿ ಸಾಮಾನ್ಯ ರೂಢಿಯಾಗಿತ್ತು. ಇಂಥ ರೂಢಿಯಿಂದ ರಕ್ತಹೀನತೆ, ನಿಶ್ಶಕ್ತಿ ಮೊದಲಾದ ತೊಂದರೆಗಳು ಚಿಕಿತ್ಸೆ ಕಾಣದೆ ಉಳಿಯುತ್ತಿದ್ದವು. ಇವನ್ನು ಔಷಧಿಯಿಂದ ಮಾತ್ರ ನೀಗಿಸಲು ಸಾಧ್ಯವಿರಲಿಲ್ಲ. ಹೆಣ್ಣು ತನ್ನ ದೇಹವನ್ನು ತಾನೇ ಅರಿಯುವುದು ಅಗತ್ಯವಾಗಿತ್ತು.

ಕುಟುಂಬ

೧೯೫೬ರಲ್ಲಿ ಅವರು ಪ್ರಗತಿಶೀಲ ಸಾಹಿತ್ಯ ಚಳವಳಿಯ ಪ್ರಮುಖ ಲೇಖಕರಾದ ನಿರಂಜನ (ಕುಳಕುಂದ ಶಿವರಾಯ) ಅವರನ್ನು ವಿವಾಹವಾದರು. ಚಿರಸ್ಮರಣೆ, ಮೃತ್ಯುಂಜಯ, ರಂಗಮ್ಮನ ವಠಾರ ಮೊದಲಾದವು ನಿರಂಜನರ ಕೃತಿಗಳು. ದಂಪತಿಗೆ ತೇಜಸ್ವಿನಿ ಮತ್ತು ಸೀಮಂತಿನಿ ಎಂಬ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಸಂಶೋಧಕಿಯರಾಗಿ, ಲೇಖಕಿಯರಾಗಿ ಹೆಸರು ಪಡೆದರು.

೧೯೭೧ರಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಆಗ ಅನುಪಮಾ ಅವರಿಗೆ ಮೂವತ್ತೇಳು ವರ್ಷ. ಹೃದಯ ಮತ್ತು ರಕ್ತನಾಳಗಳ ರೋಗವು ಒಂದು ಕುಟುಂಬದ ದಿನಚರಿಯನ್ನೇ ಹೇಗೆ ಬದಲಿಸಬಲ್ಲದು ಎಂಬುದನ್ನು ವೈದ್ಯೆಯಾಗಿ ಬಲ್ಲ ಅವರು ಪತ್ನಿಯಾಗಿಯೂ ಅನುಭವಿಸಬೇಕಾಯಿತು. ಶರೀರದ ಒಂದು ಪಾರ್ಶ್ವ ಸ್ವಾಧೀನ ತಪ್ಪಿದರೂ ನಿರಂಜನರು ಕೆಲಸ ನಿಲ್ಲಿಸಲಿಲ್ಲ. ಜ್ಞಾನಗಂಗೋತ್ರಿ ಕಿರಿಯರ ವಿಶ್ವಕೋಶದ ಏಳು ಸಂಪುಟಗಳು ಮತ್ತು ವಿಶ್ವಕಥಾಕೋಶದ ಇಪ್ಪತ್ತೈದು ಸಂಪುಟಗಳು ಅವರ ಸಂಪಾದಕತ್ವದಲ್ಲಿ ಹೊರಬಂದವು. ಅನುಪಮಾ ಅವರ ಬರವಣಿಗೆಯೂ ಈ ವರ್ಷಗಳಲ್ಲಿ ಕುಂಠಿತವಾಗಲಿಲ್ಲ. ಅವರ ಬಹುಚರ್ಚಿತ ಕಾದಂಬರಿ ಮಾಧವಿ ೧೯೭೬ರಲ್ಲಿ ಪ್ರಕಟವಾಯಿತು.

ವೈದ್ಯಕೀಯ ಸಾಹಿತ್ಯ

ಅನುಪಮಾ ಅವರ ಆರೋಗ್ಯ ಸಂಬಂಧಿ ಕೃತಿಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಅವು ಹೆಣ್ಣಿನ ಜೀವನಕ್ರಮವನ್ನೇ ಅನುಸರಿಸಿರುವುದು ಕಂಡುಬರುತ್ತದೆ. ಕೇಳು ಕಿಶೋರಿ ಹರೆಯಕ್ಕೆ ಕಾಲಿಡುವ ಹುಡುಗಿಯರಿಗಾಗಿ ಬರೆದ ಪುಸ್ತಕ. ವಧುವಿಗೆ ಕಿವಿಮಾತು ಮತ್ತು ದಾಂಪತ್ಯ ದೀಪಿಕೆ ವಿವಾಹಿತ ಜೀವನಕ್ಕೆ ಸಂಬಂಧಿಸಿದವು. ತಾಯಿ-ಮಗು ಗರ್ಭಧಾರಣೆ, ಹೆರಿಗೆ, ಬಾಣಂತನ ಮತ್ತು ಶಿಶುಪಾಲನೆಯನ್ನು ವಿವರಿಸುತ್ತದೆ. ಸ್ತ್ರೀ ಸ್ವಾಸ್ಥ್ಯ ಸಂಹಿತೆ ಹೆಣ್ಣಿನ ಆರೋಗ್ಯವನ್ನು ಸಮಗ್ರವಾಗಿ ಪರಿಶೀಲಿಸುವ ಗ್ರಂಥ.

ಮೈನೆರೆಯುವುದು, ಮುಟ್ಟು, ಲೈಂಗಿಕತೆ, ಸಂತಾನ ನಿಯಂತ್ರಣ ಮುಂತಾದ ವಿಷಯಗಳನ್ನು ಹಿರಿಯರ ಮುಂದೆ ಆಡಲಾಗದ ವಾತಾವರಣದಲ್ಲಿ ಈ ಪುಸ್ತಕಗಳು ಬಂದವು. ತಾಯಿ-ಮಗು ಹಲವು ಮುದ್ರಣಗಳನ್ನು ಕಂಡು, ಮದುವೆಯಾದ ಹೆಣ್ಣುಮಕ್ಕಳಿಗೆ ಉಡುಗೊರೆಯಾಗಿ ಕೊಡುವ ಪುಸ್ತಕವೆನಿಸಿತು. ಇಂಗ್ಲಿಷ್ ಓದು ಬಾರದ ಗೃಹಿಣಿಯರಿಗೆ ಆಧುನಿಕ ವೈದ್ಯಶಾಸ್ತ್ರದ ಬಾಗಿಲು ತೆರೆದ ಪುಸ್ತಕಗಳಲ್ಲಿ ಇದೂ ಒಂದು.

ಹೃದಯಾರೋಗ್ಯದ ದೃಷ್ಟಿಯಲ್ಲಿ ಪ್ರಸ್ತುತತೆ

ಅನುಪಮಾ ಅವರು ವೃತ್ತಿ ಆರಂಭಿಸಿದ ಕಾಲದಲ್ಲಿ ಹೃದಯಾಘಾತವು ಗಂಡಸರ ರೋಗವೆಂಬ ಭಾವನೆ ಪ್ರಬಲವಾಗಿತ್ತು. ಭಾರತದ ಹೆಣ್ಣುಮಕ್ಕಳಲ್ಲಿ ಆಗ ಹೆಚ್ಚಾಗಿ ಗುರುತಿಸಲಾಗುತ್ತಿದ್ದ ಹೃದ್ರೋಗವೆಂದರೆ ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಕವಾಟಗಳು ಕೆಡುವುದು. ಎಷ್ಟೋ ವೇಳೆ ಇದು ಬೆಳಕಿಗೆ ಬರುತ್ತಿದ್ದುದು ಗರ್ಭಿಣಿಯಾದಾಗ ಏದುಸಿರು ಹೆಚ್ಚಿದ ಮೇಲೆಯೇ. ಅದೇ ದಶಕಗಳಲ್ಲಿ ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಅವರು ದೆಹಲಿಯಲ್ಲಿ ಹೃದ್ರೋಗ ಚಿಕಿತ್ಸಾಲಯವನ್ನು ಕಟ್ಟಿ, ೧೯೬೨ರಲ್ಲಿ ಅಖಿಲ ಭಾರತ ಹಾರ್ಟ್ ಫೌಂಡೇಶನ್ ಸ್ಥಾಪಿಸಿದರು.

ಇಂದು ಹೃದಯ ಮತ್ತು ರಕ್ತನಾಳಗಳ ರೋಗಗಳು ಜಗತ್ತಿನಾದ್ಯಂತ ಮಹಿಳೆಯರ ಸಾವಿಗೆ ಅತಿ ದೊಡ್ಡ ಕಾರಣವಾಗಿವೆ. ಅನುಪಮಾ ಅವರ ಪುಸ್ತಕಗಳು ಹಿಡಿದ ಜೀವನಹಂತಗಳ ದಾರಿಯೇ ಈ ರೋಗಗಳ ತಡೆಗೂ ಅನ್ವಯಿಸುತ್ತದೆ. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿದ ಅಥವಾ ಸಕ್ಕರೆ ಕಾಯಿಲೆ ಕಾಣಿಸಿದ ಮಹಿಳೆಯರಿಗೆ, ಹೆರಿಗೆಯ ನಂತರ ಅವು ಸರಿಹೋದರೂ, ಮುಂದೆ ಹೃದ್ರೋಗದ ಸಂಭವ ಹೆಚ್ಚು. ಮುಟ್ಟು ನಿಂತ ಮೇಲೆ ಈ ಸಂಭವ ಮತ್ತಷ್ಟು ಏರುತ್ತದೆ. ಹೃದಯಾಘಾತವಾದಾಗ ಮಹಿಳೆಯರಲ್ಲಿಯೂ ಎದೆನೋವು ಸಾಮಾನ್ಯ ಲಕ್ಷಣವೇ ಆಗಿದೆ. ಆದರೆ ಅದರ ಜೊತೆಗೆ ಅಥವಾ ಅದಿಲ್ಲದೆ ಏದುಸಿರು, ವಿಪರೀತ ಸುಸ್ತು, ಓಕರಿಕೆ, ದವಡೆ ಅಥವಾ ಬೆನ್ನಿನ ನೋವು ಕಾಣಿಸಿಕೊಳ್ಳುವುದು ಪುರುಷರಿಗಿಂತ ಅವರಲ್ಲಿ ಹೆಚ್ಚು. ಇದನ್ನು ಗ್ಯಾಸ್ ಅಥವಾ ಆಯಾಸವೆಂದು ಕಡೆಗಣಿಸಿ ಆಸ್ಪತ್ರೆಗೆ ಹೋಗಲು ತಡಮಾಡುವುದರಿಂದ ಜೀವಹಾನಿಯಾಗುತ್ತದೆ.

ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮತ್ತು ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳು. ಹಳೆ ಮೈಸೂರು ಸೀಮೆಯ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ, ಅಲಸಂದೆ ಕಾಳುಗಳ ಊಟ ಈ ದೃಷ್ಟಿಯಿಂದ ಒಳ್ಳೆಯದೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಉಪ್ಪು ಹೆಚ್ಚು. ಎಲೆ-ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವುದು ಮತ್ತು ಸೌದೆ ಒಲೆಯ ಹೊಗೆ ಗ್ರಾಮೀಣ ಮಹಿಳೆಯರ ಹೃದಯಕ್ಕೆ ಹಾನಿಕರವಾದ ಬೇರೆ ಎರಡು ಕಾರಣಗಳು. ಒಮ್ಮೆ ಹೃದಯಾಘಾತವಾಗಿ ಬದುಕಿ ಉಳಿದವರು ವೈದ್ಯರು ಹೇಳದೆ ಔಷಧಿ ನಿಲ್ಲಿಸದಿರುವುದೂ ನಡಿಗೆಯಂಥ ಅಭ್ಯಾಸಗಳನ್ನು ವೈದ್ಯರ ಸಲಹೆಯಂತೆ ಕ್ರಮೇಣ ಹೆಚ್ಚಿಸುವುದೂ ಅಗತ್ಯ. ಮನೆಕೆಲಸದ ನಡುವೆ ತನ್ನ ತಪಾಸಣೆಯನ್ನು ಮುಂದೂಡುವ ಹೆಣ್ಣಿಗೆ ತನ್ನ ದೇಹದ ಮೇಲಿನ ಗಮನ ಸ್ವಾರ್ಥವಲ್ಲವೆಂಬ ತಿಳಿವಳಿಕೆ ಇವೆಲ್ಲಕ್ಕೂ ಮೊದಲು ಬೇಕಾದದ್ದು. ಕನ್ನಡದಲ್ಲಿ ಅಂಥ ತಿಳಿವಳಿಕೆಗೆ ನೆಲ ಹದಗೊಳಿಸಿದವರಲ್ಲಿ ಅನುಪಮಾ ಅವರ ಸ್ಥಾನ ಹಿರಿದು.

ಸೃಜನಶೀಲ ಸಾಹಿತ್ಯ

ಅನಂತಗೀತೆ, ಶ್ವೇತಾಂಬರಿ, ಹಿಮದ ಹೂ, ಸಂಕೋಲೆಯೊಳಗಿಂದ, ಮೂಲಮುಖಿ, ಘೋಷ, ಮಾಧವಿ, ಋಣಮುಕ್ತಳು ಅವರ ಮುಖ್ಯ ಕಾದಂಬರಿಗಳಲ್ಲಿ ಕೆಲವು. ಮಹಾಭಾರತದ ಗಾಲವ-ಯಯಾತಿ ಪ್ರಸಂಗವನ್ನು ಆಧರಿಸಿದ ಮಾಧವಿ ಕಾದಂಬರಿಯಲ್ಲಿ, ತಂದೆಯ ದಾನಕ್ಕೂ ಶಿಷ್ಯನ ಗುರುದಕ್ಷಿಣೆಗೂ ಸಾಧನವಾಗಿ ರಾಜನಿಂದ ರಾಜನಿಗೆ ಹಸ್ತಾಂತರಗೊಳ್ಳುವ ಹೆಣ್ಣಿನ ಕಥೆಯಿದೆ. ಹೆಣ್ಣಿನ ದೇಹದ ಮೇಲೆ ಅಧಿಕಾರ ಯಾರದು ಎಂಬ ಪ್ರಶ್ನೆ ಅವರ ವೈದ್ಯಕೀಯ ಬರಹಗಳನ್ನೂ ಈ ಕಾದಂಬರಿಯನ್ನೂ ಜೋಡಿಸುತ್ತದೆ. ಋಣಮುಕ್ತಳು ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು ಅದೇ ಹೆಸರಿನಲ್ಲಿ ಚಲನಚಿತ್ರವನ್ನಾಗಿಸಿದರು (೧೯೮೪).

ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿ (೧೯೨೮–೧೯೬೩) ಅವರು ಹೆಣ್ಣಿನ ಮನೋರೋಗಗಳನ್ನು ಕನ್ನಡ ಕಾದಂಬರಿಗೆ ತಂದರೆ, ಅನುಪಮಾ ಅವರು ವೈದ್ಯೆಯ ಕಣ್ಣಿನಿಂದ ಹೆಣ್ಣಿನ ಶರೀರ ಮತ್ತು ಸಾಮಾಜಿಕ ಸ್ಥಿತಿಯ ಸಂಬಂಧವನ್ನು ಚಿತ್ರಿಸಿದರು. ಮಕ್ಕಳಿಗಾಗಿ ವರ್ಷದ ಪ್ರತಿದಿನಕ್ಕೊಂದರಂತೆ ಕಥೆಗಳನ್ನು ಬರೆದು ಹನ್ನೆರಡು ಸಂಪುಟಗಳ ದಿನಕ್ಕೊಂದು ಕಥೆ ಮಾಲಿಕೆಯನ್ನು ನೀಡಿದರು. ಸ್ನೇಹಯಾತ್ರೆ ಮತ್ತು ಅಂಗೈಯಲ್ಲಿ ಯೂರೋ-ಅಮೆರಿಕಾ ಅವರ ಪ್ರವಾಸ ಕಥನಗಳು. ನೆನಪು: ಸಿಹಿ-ಕಹಿ ಅವರ ಆತ್ಮಕಥನ.

ಕೊನೆಯ ವರ್ಷಗಳು

ಜೀವನದ ಕೊನೆಯ ಭಾಗದಲ್ಲಿ ಅನುಪಮಾ ಅವರು ಕ್ಯಾನ್ಸರ್ ರೋಗಕ್ಕೆ ಒಳಗಾದರು. ಇತರರ ರೋಗವನ್ನು ಗುರುತಿಸಿ ಧೈರ್ಯ ತುಂಬುತ್ತಿದ್ದ ವೈದ್ಯೆ ತಾವೇ ರೋಗಿಯಾಗಿ ಚಿಕಿತ್ಸೆ ಪಡೆಯಬೇಕಾಯಿತು. ಆರೋಗ್ಯಕರ ಜೀವನಕ್ರಮವು ರೋಗದ ಸಂಭವವನ್ನು ತಗ್ಗಿಸುತ್ತದೆಯೇ ಹೊರತು ಎಲ್ಲ ರೋಗಗಳಿಂದಲೂ ರಕ್ಷಣೆಯ ಭರವಸೆ ನೀಡುವುದಿಲ್ಲ. ರೋಗ ಬಂದುದು ರೋಗಿಯ ತಪ್ಪೂ ಅಲ್ಲ. ೧೯೯೧ರ ಫೆಬ್ರವರಿ ೧೫ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಎರಡು ದಶಕಗಳ ಕಾಲ ಪಾರ್ಶ್ವವಾಯುವಿನೊಂದಿಗೆ ಬದುಕಿದ ನಿರಂಜನರು ೧೯೯೨ರಲ್ಲಿ ತೀರಿಕೊಂಡರು.

ಪ್ರಶಸ್ತಿ ಮತ್ತು ಸ್ಮರಣೆ

ಅನುಪಮಾ ಅವರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಮತ್ತು ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ (೧೯೭೮) ದೊರೆತಿವೆ. ಕರ್ನಾಟಕ ಲೇಖಕಿಯರ ಸಂಘವು ಅವರ ಹೆಸರಿನಲ್ಲಿ ಸ್ಥಾಪಿಸಿರುವ ಅನುಪಮಾ ಪ್ರಶಸ್ತಿಯನ್ನು ಕನ್ನಡದ ಹಿರಿಯ ಲೇಖಕಿಯರಿಗೆ ನೀಡಲಾಗುತ್ತಿದೆ.