ಮೈ ಒದ್ದೆಯಾದರೂ ಚಳಿಯಾಗದ ಉಡುಪು: ವೆಟ್‌ಸೂಟ್ ಕೊಟ್ಟ ಅಣುಬಾಂಬ್ ವಿಜ್ಞಾನಿ ಹ್ಯೂ ಬ್ರಾಡ್ನರ್

ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿದವರಿಗೆ ವೆಟ್‌ಸೂಟ್ ಗೊತ್ತೇ ಇರುತ್ತದೆ. ಮೈಗಂಟುವ, ಹಾಕಲೂ ಬಿಚ್ಚಲೂ ಹೆಣಗಾಡಿಸುವ ಕಪ್ಪು ರಬ್ಬರಿನಂಥ ಉಡುಪು. ಅಲ್ಲಿನ ಬೆಚ್ಚನೆಯ ನೀರಿನಲ್ಲಿ ತೆಳು ಸೂಟ್ ಇದ್ದರೂ ನಡೆಯುತ್ತದೆ. ಆದರೆ ಅದೇ ಧೈರ್ಯದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿಯಂಥ ತಣ್ಣನೆಯ ಕಡಲಿಗೆ ಇಳಿದರೆ ಕೆಲವೇ ನಿಮಿಷಗಳಲ್ಲಿ ಹಲ್ಲು ಕಟಕಟಿಸುತ್ತದೆ. ಅಂಥ ನೀರಿಗೆ ಯಾವ ಸೂಟ್ ಸರಿ? ಉತ್ತರ ಬೇಕಿದ್ದರೆ ಈ ಉಡುಪನ್ನು ರೂಪಿಸಿದ ಮನುಷ್ಯನ ಕಥೆಯನ್ನೇ ಕೇಳಬೇಕು. ಆತ ದರ್ಜಿಯೂ ಅಲ್ಲ, ವ್ಯಾಪಾರಿಯೂ ಅಲ್ಲ. ಅಮೆರಿಕದ ಮೊದಲ ಅಣುಬಾಂಬ್ ತಯಾರಿಕೆಯಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್.

ಮರುಭೂಮಿಯಲ್ಲಿ ಹುಟ್ಟಿದವ

ಕಡಲಿಗಾಗಿ ಉಡುಪು ಹೊಲಿದವನು ಹುಟ್ಟಿದ್ದು ಕಡಲಿಲ್ಲದ ಊರಿನಲ್ಲಿ. 1915ರ ನವೆಂಬರ್ 5ರಂದು ನೆವಾಡಾ ಮರುಭೂಮಿಯ ಗಣಿ ಪಟ್ಟಣ ಟೊನೊಪಾದಲ್ಲಿ ಬ್ರಾಡ್ನರ್ ಜನನ. ಬೆಳೆದಿದ್ದು ಒಹಾಯೊದಲ್ಲಿ. 1941ರಲ್ಲಿ ಕ್ಯಾಲ್ಟೆಕ್‌ನಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಸಿಕ್ಕಿತು. ಆಗ ಯುದ್ಧದ ಕಾಲ. ನೌಕಾಪಡೆಯ ಪ್ರಯೋಗಾಲಯದಲ್ಲಿ ಕಡಲ ಸಿಡಿಗುಂಡುಗಳ ಮೇಲೆ ಕೆಲಸ ಮಾಡಿ, 1943ರಲ್ಲಿ ರಾಬರ್ಟ್ ಓಪನ್‌ಹೈಮರ್ ನೇತೃತ್ವದ ಲಾಸ್ ಅಲಾಮೋಸ್ ತಂಡಕ್ಕೆ ಸೇರಿದರು. ಬಾಂಬ್ ಸಿಡಿಸುವ ವ್ಯವಸ್ಥೆಯ ಮೇಲೆ ಅಲ್ಲಿ ಅವರ ಕೆಲಸ.

ಅದೇ ಯೋಜನೆಯಲ್ಲಿದ್ದ ಮಾರ್ಜೊರಿ ಹಾಲ್ ಅವರನ್ನು ಬ್ರಾಡ್ನರ್ ಮದುವೆಯಾದರು. ಗುಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಹೆತ್ತವರೂ ಆ ಮದುವೆಗೆ ಬರುವಂತಿರಲಿಲ್ಲ. 1945ರ ಜುಲೈ 16ರಂದು ನಡೆದ ಟ್ರಿನಿಟಿ ಸ್ಫೋಟವನ್ನು ಕಣ್ಣಾರೆ ಕಂಡವರಲ್ಲಿ ಬ್ರಾಡ್ನರ್ ಕೂಡ ಒಬ್ಬರು. ಯುದ್ಧ ಮುಗಿದ ಮೇಲೆ ಬರ್ಕ್‌ಲಿಯಲ್ಲಿ ಲೂಯಿಸ್ ಆಲ್ವರೆಜ್ ಅವರೊಂದಿಗೆ ಕಣಭೌತವಿಜ್ಞಾನದ ಸಂಶೋಧನೆಗೆ ತೊಡಗಿದರು.

ಎಲ್ಲರೂ ಒಣಗಿರಲು ಹೆಣಗುತ್ತಿದ್ದಾಗ

ನೌಕಾಪಡೆಯ ಮುಳುಗುಗಾರರಿಗೆ ಆಗ ಚಳಿಯೇ ದೊಡ್ಡ ಶತ್ರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಇದ್ದ ಉಪಾಯ ಒಂದೇ: ಉಣ್ಣೆ ಬಟ್ಟೆಯ ಮೇಲೆ ನೀರು ನುಸುಳದ ತೆಳು ರಬ್ಬರಿನ ಸೂಟ್. ಚೂಪು ಕಲ್ಲಿಗೆ ತಾಗಿ ಒಂದು ಸೀಳು ಬಿದ್ದರೆ ಸಾಕು, ಒಳಗಿನ ಉಣ್ಣೆಯೆಲ್ಲ ತೊಯ್ದು ಮುಳುಗುಗಾರ ಗಡಗಡ ನಡುಗಬೇಕಿತ್ತು.

ಬ್ರಾಡ್ನರ್ ಈ ಸಮಸ್ಯೆಯನ್ನು ಬುಡದಿಂದಲೇ ನೋಡಿದರು. ನಮ್ಮ ಕಂಬಳಿಯನ್ನೇ ತೆಗೆದುಕೊಳ್ಳಿ. ಅದು ಬೆಚ್ಚಗಿಡುವುದು ಬರೀ ಉಣ್ಣೆಯಿಂದಲ್ಲ, ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಕಂಬಳಿ ತೊಯ್ದರೆ ಆ ಗಾಳಿಯ ಜಾಗಕ್ಕೆ ನೀರು ಬಂದು ಬೆಚ್ಚಗೆ ಹೋಗುತ್ತದೆ. ನೀರು ಹೊಗಲಾರದಂಥ ಮುಚ್ಚಿದ ಗುಳ್ಳೆಗಳಲ್ಲೇ ಗಾಳಿಯನ್ನು ಹಿಡಿದಿಟ್ಟರೆ? ಆಗ ಮೈ ಒದ್ದೆಯಾದರೂ ಚಿಂತೆಯಿಲ್ಲ. 1951ರ ಜೂನ್‌ನಲ್ಲಿ ಬರೆದ ಪತ್ರವೊಂದರಲ್ಲಿ ಅವರು ಈ ತತ್ವವನ್ನು ವಿವರಿಸಿದ್ದಾರೆ. ಗುಳ್ಳೆ ತುಂಬಿದ ನಿಯೋಪ್ರೀನ್ ಎಂಬ ಕೃತಕ ರಬ್ಬರ್ ಇದಕ್ಕೆ ತಕ್ಕದ್ದೆಂದು ಗೆಳೆಯ ವಿಲ್ಲಾರ್ಡ್ ಬಾಸ್ಕಮ್ ಸೂಚಿಸಿದರು. ಬರ್ಕ್‌ಲಿಯ ಮನೆಯ ನೆಲಮಾಳಿಗೆಯಲ್ಲಿ ಮೊದಲ ಮಾದರಿಗಳ ಕೆಲಸ ನಡೆಯಿತು.

ವೆಟ್‌ಸೂಟ್ ಒಳಗಿನ ನೀರೇ ಬೆಚ್ಚಗಿಡುತ್ತದೆ ಎಂದು ಹಲವರು ಇಂದಿಗೂ ನಂಬಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ಕಾಯುವುದು ಗುಳ್ಳೆ ತುಂಬಿದ ಪದರ. ಒಳಗಿನ ನೀರು ತೆಳುವಾಗಿ, ಅಲುಗದೆ ಇದ್ದರೆ ತೊಂದರೆ ಕೊಡುವುದಿಲ್ಲ, ಅಷ್ಟೇ.

ಈ ತತ್ವ ತಿಳಿದರೆ ಸೂಟ್ ಆಯ್ಕೆ ಸುಲಭ

ಮೊದಲನೆಯದು ದಪ್ಪ. ಗುಳ್ಳೆಗಳ ಪದರ ದಪ್ಪಗಿದ್ದಷ್ಟೂ ಬೆಚ್ಚಗೆ. ನೀರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಸಾಮಾನ್ಯವಾಗಿ 3 ಮಿಲಿಮೀಟರ್ ಸಾಕು. 18ರಿಂದ 24 ಡಿಗ್ರಿಗೆ 5 ಮಿಲಿಮೀಟರ್. ಅದಕ್ಕಿಂತ ತಣ್ಣಗಿದ್ದರೆ 7 ಮಿಲಿಮೀಟರ್, ಜೊತೆಗೆ ತಲೆಗವಸು, ಕೈಗವಸು, ಬೂಟು. 10 ಡಿಗ್ರಿಗಿಂತ ಕೆಳಗೆ, ಉದಾಹರಣೆಗೆ 2ರಿಂದ 4 ಡಿಗ್ರಿಯ ಐಸ್‌ಲ್ಯಾಂಡ್‌ನ ಸಿಲ್‌ಫ್ರಾ ಕಂದಕದಲ್ಲಿ, ವೆಟ್‌ಸೂಟ್ ನೆಚ್ಚಬೇಡಿ. ಅಲ್ಲಿ ಬೇಕಿರುವುದು ಡ್ರೈಸೂಟ್, ಅದಕ್ಕೆ ಬೇರೆಯೇ ತರಬೇತಿ ಬೇಕು. ಇವು ಅಂದಾಜು ಲೆಕ್ಕ. ಬೇಗ ಚಳಿಯಾಗುವವರು ಒಂದು ಹಂತ ದಪ್ಪದ್ದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಅಳತೆ. ಕುತ್ತಿಗೆ, ಕಂಕುಳು, ಬೆನ್ನಿನ ಕೆಳಭಾಗದಲ್ಲಿ ಸಡಿಲವಿದ್ದರೆ ಪ್ರತಿ ಚಲನೆಗೂ ಬೆಚ್ಚನೆಯ ನೀರು ಹೊರಹೋಗಿ ತಣ್ಣೀರು ಒಳನುಗ್ಗುತ್ತದೆ. ಸಡಿಲವಾದ 7 ಮಿಲಿಮೀಟರ್ ಸೂಟಿಗಿಂತ ಮೈಗೆ ಸರಿಯಾಗಿ ಕೂತ 5 ಮಿಲಿಮೀಟರ್ ಸೂಟ್ ಎಷ್ಟೋ ವಾಸಿ. ಹಾಗೆಂದು ಉಸಿರುಕಟ್ಟುವಷ್ಟು ಬಿಗಿಯೂ ಸಲ್ಲ. ಹಾಕಿಕೊಂಡು ಕೂತು, ಎದ್ದು, ಕೈಯೆತ್ತಿ, ಆಳವಾಗಿ ಉಸಿರೆಳೆದು ನೋಡಿಯೇ ಕೊಳ್ಳಿ. ಬರೀ ಆನ್‌ಲೈನ್ ಚಿತ್ರ ನಂಬಿ ಕೊಳ್ಳುವ ವಸ್ತು ಇದಲ್ಲ.

ಮೂರನೆಯದು ಆಳ. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗಿ ಸೂಟ್ ತೆಳುವಾಗುತ್ತದೆ, ಚಳಿ ಹೆಚ್ಚುತ್ತದೆ, ತೇಲಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಹಾಗಾಗಿ ಮೇಲ್ಮೈಯ ಉಷ್ಣಾಂಶ ನೋಡಿ ಸೂಟ್ ಆರಿಸಬಾರದು, ನೀವು ಇಳಿಯುವ ಆಳದ್ದು ನೋಡಬೇಕು. ಹೊಸ ಸೂಟ್ ಹಾಕಿದಾಗ ಸೊಂಟಕ್ಕೆ ಕಟ್ಟುವ ತೂಕವನ್ನೂ ಮತ್ತೆ ಲೆಕ್ಕ ಹಾಕಬೇಕು. ಹಳೆಯ ಸೂಟಿನ ಗುಳ್ಳೆಗಳು ಕಾಲಕ್ರಮೇಣ ಚಪ್ಪಟೆಯಾಗುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಲಿ. ಅದು ಮೆತ್ತಗೆ ಮೇಲೇಳದಿದ್ದರೆ ಬೇಡವೆನ್ನುವುದೇ ಸರಿ.

ಹಣವೂ ಇಲ್ಲ, ಹೆಸರೂ ತಡವಾಗಿ

ಬ್ರಾಡ್ನರ್ ಸೂಟ್ ರೂಪಿಸಿದ್ದು ನೌಕಾಪಡೆಗಾಗಿ. ಆದರೆ ಅಲ್ಲಿನವರಿಗೊಂದು ಅನುಮಾನ: ನಿಯೋಪ್ರೀನ್‌ನ ಗಾಳಿಗುಳ್ಳೆಗಳಿಂದಾಗಿ ಮುಳುಗುಗಾರರು ಶತ್ರುವಿನ ಸೋನಾರ್ ಕಣ್ಣಿಗೆ ಬೀಳಬಹುದಲ್ಲವೇ? 1952ರಲ್ಲಿ ಅವರೂ ಸಹೋದ್ಯೋಗಿಗಳೂ ಎಡ್ಕೊ ಎಂಬ ಸಣ್ಣ ಕಂಪನಿ ಕಟ್ಟಿ ಸೂಟ್ ಮಾರಲು ನೋಡಿದರು. ಮಾರುಕಟ್ಟೆ ಅವರಿಗೆ ಒಲಿಯಲಿಲ್ಲ. ಪೇಟೆಂಟ್ ಕೂಡ ಅವರ ಹೆಸರಿಗೆ ಬರಲಿಲ್ಲ. ಲಾಭಕ್ಕಿಂತ ಸೂಟ್ ಚೆನ್ನಾಗಿ ಕೆಲಸ ಮಾಡುವುದೇ ಅವರಿಗೆ ಮುಖ್ಯವಾಗಿತ್ತು.

ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾಕ್ ಒನೀಲ್, ಬಾಡಿ ಗ್ಲೋವ್ ಖ್ಯಾತಿಯ ಮೈಸ್ಟ್ರೆಲ್ ಸಹೋದರರು ಸರ್ಫಿಂಗ್ ಮಾಡುವವರಿಗೂ ಡೈವರ್‌ಗಳಿಗೂ ವೆಟ್‌ಸೂಟ್ ಮಾರಿ ಹೆಸರಾದರು. ಕಂಡುಹಿಡಿದವರು ಯಾರೆಂಬ ವಾದ ವರ್ಷಗಟ್ಟಲೆ ನಡೆಯಿತು. ವೆಟ್‌ಸೂಟನ್ನು ಮನೆಮಾತಾಗಿಸಿದ ಶ್ರೇಯ ಆ ವ್ಯಾಪಾರಿಗಳದ್ದೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ 1998ರಲ್ಲಿ ಹಳೆಯ ಪತ್ರಗಳನ್ನು ಕೆದಕಿದ ಅಧ್ಯಯನವೊಂದು, ಮೂಲ ತತ್ವವನ್ನು ಮೊದಲು ಬರೆದಿಟ್ಟವರು ಬ್ರಾಡ್ನರ್ ಎಂದೇ ಹೇಳಿತು. ವಾದದಲ್ಲಿ ಅವರ ಪರ ನಿಂತಿದ್ದು 1951ರ ಆ ಪತ್ರ.

ಕೊನೆವರೆಗೂ ಕಡಲ ನಂಟು

1961ರಲ್ಲಿ ಬ್ರಾಡ್ನರ್ ಲಾ ಹೋಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯತ್ತ ಹೊರಳಿ ಭೂಭೌತವಿಜ್ಞಾನಿಯಾದರು. 1980ರಲ್ಲಿ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ಹವಾಯಿ ಬಳಿಯ ಕಡಲಾಳದಲ್ಲಿ ನ್ಯೂಟ್ರಿನೊ ಕಣಗಳನ್ನು ಪತ್ತೆ ಹಚ್ಚುವ ಡುಮಾಂಡ್ ಯೋಜನೆಯಲ್ಲಿ ದುಡಿದರು. ನಾವು ಪಗಡೆಯಾಟಕ್ಕೆ ಬಳಸುವ ಕವಡೆಯ ಬಗೆಗಂತೂ ವಿಶೇಷ ಒಲವು. ಕವಡೆಯ ಹುಳುವಿನ ಬಾಯಿಯೊಳಗಿನ ಸೂಕ್ಷ್ಮ ಹಲ್ಲಿನ ಪಟ್ಟಿಗಳನ್ನು ಕುರಿತು ಆಲಿಸನ್ ಕೇ ಅವರೊಂದಿಗೆ ಸೇರಿ 1996ರಲ್ಲಿ ಸಚಿತ್ರ ಕೃತಿಯೊಂದನ್ನೇ ಹೊರತಂದರು. ಆಗ ಅವರಿಗೆ 80 ದಾಟಿತ್ತು.

2008ರ ಏಪ್ರಿಲ್‌ನಲ್ಲಿ ಮಾರ್ಜೊರಿ ತೀರಿಕೊಂಡರು. ತಿಂಗಳು ತುಂಬುವುದರೊಳಗೆ, ಮೇ 5ರಂದು, 92ರ ವಯಸ್ಸಿನಲ್ಲಿ ಬ್ರಾಡ್ನರ್ ಕೂಡ ಹೊರಟುಹೋದರು.

ಬ್ರಾಡ್ನರ್ ಹೆಸರು ಯಾವ ಸೂಟಿನ ಮೇಲೂ ಅಚ್ಚಾಗಿಲ್ಲ. ಮುಂದಿನ ಬಾರಿ ವೆಟ್‌ಸೂಟ್ ಕೊಳ್ಳಲು ಹೋದಾಗ ಎದೆಯ ಮೇಲಿನ ಬ್ರ್ಯಾಂಡ್ ನೋಡುವ ಮೊದಲು ದಪ್ಪ, ಅಳತೆ, ಮೆತ್ತಗಿನ ಗುಳ್ಳೆ ಈ ಮೂರನ್ನು ನೋಡಿ. ಆತ ನಮಗೆ ಬಿಟ್ಟುಹೋದದ್ದು ಅದನ್ನೇ.